ಪರೀಕ್ಷೆ ಪುಟ್ಟಿಗೆ, ಜ್ವರ ರಾಯರಿಗೆ

ನಮ್ಮ ರಾಯರು ಕಾಫಿಗೆ ಸಕ್ಕರೆ ಬೇಡ ಅಂದ ದಿನವೇ ನಮಗೆಲ್ಲ ಅನುಮಾನ ಬಂತು.

"ಶುಗರ್ ಬಂತೇನ್ರೀ?" ಅಂದ ಅನ್ವರ್.

"ಇಲ್ಲಪ್ಪ, ಹರಕೆ. ಪುಟ್ಟಿ ಪರೀಕ್ಷೆ ಮುಗಿಯೋವರೆಗೂ ಸಿಹಿ ಮುಟ್ಟಲ್ಲ ಅಂದ್ಕೊಂಡಿದೀನಿ."

"ಪರೀಕ್ಷೆ ಅವಳಿಗೆ, ಪಥ್ಯ ನಿಮಗೆ!" ಎಂದು ಸರೋಜಕ್ಕ ನಕ್ಕರು.

ಶಿವಮೊಗ್ಗದಲ್ಲಿ ಸಂಜೆ ವಾಕಿಂಗ್ ಮುಗಿಸಿ ಹೋಟೆಲಿನ ಮೂಲೆ ಟೇಬಲ್ಲಿಗೆ ಬಂದು ಕೂರುವ ಗುಂಪು ನಮ್ಮದು. ವಾಕಿಂಗ್ ಹೆಸರಿಗೆ ಮಾತ್ರ. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು. ಸರೋಜಕ್ಕನದು ಟೈಲರಿಂಗ್ ಅಂಗಡಿ, ಅನ್ವರನದು ಗ್ಯಾರೇಜು. ರಾಯರು ಇನ್ಶೂರೆನ್ಸ್ ಏಜೆಂಟರು. ಊರಿನವರ ಸಾವುನೋವಿಗೆಲ್ಲ ಧೈರ್ಯ ಹೇಳುವ ಮನುಷ್ಯ. ಮಗಳು ಹತ್ತನೇ ಕ್ಲಾಸಿಗೆ ಬಂದಿದ್ದೇ ಬಂದಿದ್ದು, ಆ ಧೈರ್ಯ ಕಂತು ಕಟ್ಟದ ಪಾಲಿಸಿಯ ಹಾಗೆ ಲ್ಯಾಪ್ಸ್ ಆಗಿಹೋಗಿದೆ.

ವಿಚಾರಿಸಿದರೆ ಹರಕೆ ಒಂದಲ್ಲ. ದೇವರುಗಳಿಗೆ ಸಬ್ಜೆಕ್ಟ್ ಹಂಚಿಬಿಟ್ಟಿದ್ದಾರೆ. ಗಣಿತ ಸಿಗಂದೂರಮ್ಮನಿಗೆ, ವಿಜ್ಞಾನ ಧರ್ಮಸ್ಥಳಕ್ಕೆ, ಇಂಗ್ಲಿಷ್ ಮಂತ್ರಾಲಯಕ್ಕೆ.

"ಕನ್ನಡ ಯಾರಿಗೆ?" ಅಂದೆ ನಾನು.

"ಕನ್ನಡ ಅವಳೇ ಓದ್ಕೋತಾಳೆ ಬಿಡಿ."

"ಅದಕ್ಕೇ 125 ಇರೋದು ಕಣ್ರೀ. ಉಳಿದ ಐದಕ್ಕೂ ನೂರು ನೂರೇ" ಅಂದರು ಮೇಷ್ಟ್ರು. "ಜಾಸ್ತಿ ಮಾರ್ಕ್ಸ್ ಇರೋದನ್ನೇ ದೇವರಿಗೆ ಬಿಡದೆ ಇಟ್ಟುಕೊಂಡಿದೀರಲ್ಲ!"

ರಾಯರ ಮನೆಯಲ್ಲಿ ಈಗ ಕರ್ಫ್ಯೂ. ಟಿವಿ ಇಲ್ಲ. ಅಜ್ಜಿಗೆ ಮಾತ್ರ ರಿಯಾಯಿತಿ, ಸೀರಿಯಲ್ ನೋಡಬಹುದು, ಆದರೆ ಸೌಂಡ್ ಇಲ್ಲದೆ. ಅಜ್ಜಿ ಸೊಸೆಯಂದಿರ ತುಟಿ ನೋಡಿಕೊಂಡೇ ಕಥೆ ಹಿಡಿಯುತ್ತಿದ್ದಾರೆ, ಮಧ್ಯೆ ಮಧ್ಯೆ ತಾವೇ ಡೈಲಾಗ್ ಸೇರಿಸಿಕೊಳ್ಳುತ್ತಾರಂತೆ. ಕುಕ್ಕರ್ ಸೀಟಿ ಹೊಡೆಯಬಾರದು ಅಂತ ಅನ್ನ ಪಾತ್ರೆಯಲ್ಲೇ ಬೇಯುತ್ತಿದೆ. ಗೇಟಿಗೆ ಎಣ್ಣೆ ಬಿಟ್ಟಾಗಿದೆ. ಇಷ್ಟೆಲ್ಲ ಮಾಡಿದರೂ ಪುಟ್ಟಿ, "ಅಪ್ಪಾ, ಮನೇಲಿ ಯಾರಾದ್ರೂ ಜೋರಾಗಿ ಮಾತಾಡ್ರೋ, ಭಯ ಆಗತ್ತೆ" ಅಂದಳಂತೆ.

"ಸರಿಯಾಗೇ ಹೇಳಿದಾಳೆ" ಅಂದರು ಸರೋಜಕ್ಕ. "ಯಾರಿಗಾದ್ರೂ ಸೀರಿಯಸ್ ಆದಾಗಲೇ ಮನೆಯವರು ಹೀಗೆ ಪಿಸುಪಿಸು ಅನ್ನೋದು."

ಆಗ ರಾಯರು ಜೇಬಿನಿಂದ ಒಂದು ಮಡಿಸಿದ ಹಾಳೆ ತೆಗೆದರು. ಪುಟ್ಟಿ ಬರೆದ ಭಾರತದ ನಕ್ಷೆ. ಸಮಾಜ ವಿಜ್ಞಾನದ ಕೊನೆಯ ಪ್ರಶ್ನೆ ಇದೇ ಅಲ್ವಾ, ನಕ್ಷೆ ಬರೆದು ಸ್ಥಳ ಗುರುತಿಸಿ ಅನ್ನೋದು. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ನಕ್ಷೆ ಚೆನ್ನಾಗಿಯೇ ಇತ್ತು. ಆದರೆ ಕಚ್ಛದ ಹತ್ತಿರ ಹಾಳೆ ತೂತಾಗಿತ್ತು. ಬರೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಗುಜರಾತಿನ ಆ ಅಂಚು ಹರಿದೇ ಹೋಗಿತ್ತು. ಸುತ್ತಲೂ ಪೆನ್ಸಿಲಿನ ಕಪ್ಪು.

"ರಾತ್ರಿ ಹನ್ನೊಂದೂವರೇಲಿ ಇದನ್ನ ಮಾಡ್ತಾ ಅಳ್ತಿದ್ಲು" ಅಂದರು ರಾಯರು. ದನಿ ಇಳಿದಿತ್ತು.

"ನೀವೇನಂದ್ರಿ?"

"ಕಚ್ಛ ಇನ್ನೂ ಸ್ವಲ್ಪ ಒಳಗೆ ಬರಬೇಕು ಅಂದೆ."

ಟೇಬಲ್ ಸುತ್ತ ಎಲ್ಲರೂ ಹಣೆ ಚಚ್ಚಿಕೊಂಡೆವು.

ಮೇಷ್ಟ್ರು ಇಂಥ ಸಂದರ್ಭಕ್ಕೇ ಕಾಯುತ್ತಿದ್ದವರ ಹಾಗೆ ಶುರು ಮಾಡಿದರು. "1908ರಲ್ಲಿ ಅಮೆರಿಕಾದಲ್ಲಿ ಯರ್ಕ್ಸ್, ಡಾಡ್ಸನ್ ಅಂತ ಇಬ್ಬರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಎರಡು ದಾರಿ, ಒಂದು ಬಿಳಿ, ಒಂದು ಕಪ್ಪು. ತಪ್ಪು ದಾರಿಗೆ ಹೋದ್ರೆ ಕರೆಂಟ್ ಶಾಕ್. ಪಾಠ ಸುಲಭ ಇದ್ದಾಗ ಶಾಕ್ ಜಾಸ್ತಿ ಮಾಡಿದಷ್ಟೂ ಇಲಿ ಬೇಗ ಕಲೀತು. ಪಾಠ ಕಷ್ಟ ಆದಾಗ ನೋಡಿ, ಜೋರು ಶಾಕ್ ಕೊಟ್ಟರೆ ಕಲಿಯೋದು ನಿಧಾನ ಆಯ್ತು. ಅಂದ್ರೆ ಸ್ವಲ್ಪ ಹೆದರಿಕೆ ಬೇಕು. ಇಲ್ಲಾಂದ್ರೆ ಯಾರೂ ಪುಸ್ತಕ ತೆಗೆಯಲ್ಲ. ಜಾಸ್ತಿ ಆದ್ರೆ ತಲೆ ಕೆಲಸ ಮಾಡಲ್ಲ."

"ನಮ್ಮನೇಲಿ ಶಾಕ್ ಯಾರು ಕೊಡ್ತಾರೆ?" ಅಂದರು ರಾಯರು ಮುಗ್ಧವಾಗಿ.

ಯಾರೂ ಮಾತಾಡಲಿಲ್ಲ. ಎಲ್ಲರೂ ಅವರನ್ನೇ ನೋಡಿದೆವು. ಅನ್ವರ್ ಮಾತ್ರ ಮೆಲ್ಲಗೆ, "ಮೇನ್ ಲೈನ್ ನೀವೇ ರಾಯರೇ" ಅಂದ.

ಸಂಗತಿ ಹೊರಗೆ ಬಂದಿದ್ದು ಆಮೇಲೆ. ಪುಟ್ಟಿ ಮಲಗೋದು ಹನ್ನೆರಡಕ್ಕೆ. ರಾಯರು ಬ್ರಾಹ್ಮೀ ಮುಹೂರ್ತ ಅಂತ ನಾಲ್ಕಕ್ಕೆ ಎಬ್ಬಿಸುತ್ತಾರೆ. ಎಬ್ಬಿಸಿ, ಪಕ್ಕದಲ್ಲಿ ಕೂತು, ತಾವು ತೂಕಡಿಸುತ್ತಾರೆ.

ಮೇಷ್ಟ್ರಿಗೆ ಸಿಟ್ಟೇ ಬಂತು. "ಆ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆ ಬರೋದೇ ತಡ, ಅದು ಸೋಮಾರಿತನ ಅಲ್ಲ, ಮೈಯೊಳಗಿನ ಗಡಿಯಾರವೇ ಆ ವಯಸ್ಸಲ್ಲಿ ಹಿಂದೆ ಹೋಗಿರತ್ತೆ. ಹಗಲು ಓದಿದ್ದು ತಲೇಲಿ ಕೂರೋದೇ ನಿದ್ದೇಲಿ. ನಾಲ್ಕಕ್ಕೆ ಎಬ್ಬಿಸಿ ನೀವು ಮಾಡ್ತಿರೋದು ಏನು ಗೊತ್ತಾ? ಸಂಜೆ ಓದಿದ್ದನ್ನ ಬೆಳಿಗ್ಗೆ ಅಳಿಸ್ತಿದೀರಿ."

"ನಾನು ನಾಲ್ಕಕ್ಕೆ ಎದ್ದು ಓದೇ ಪಾಸಾಗಿದ್ದು."

"ಎಷ್ಟು ಬಂದಿತ್ತು?"

ರಾಯರು ಕಾಫಿ ಕುಡಿಯತೊಡಗಿದರು. ಸಕ್ಕರೆ ಇಲ್ಲದ ಕಾಫಿಯನ್ನು ಅಷ್ಟು ಆಸಕ್ತಿಯಿಂದ ಯಾರೂ ಕುಡಿಯುವುದಿಲ್ಲ.

ಸರೋಜಕ್ಕನ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಹತ್ತನೇ ಕ್ಲಾಸಿನಲ್ಲಿ ಅವನಿಗೆ ಗಣಿತದ ಟೆಸ್ಟ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಮೊದಮೊದಲು ಎಲ್ಲರೂ ನಾಟಕ ಅಂದರು. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ, ಆದರೆ ನೋವು ಸುಳ್ಳಲ್ಲ ಅಂದರಂತೆ. ಹೆದರಿದಾಗ ಮೈ ಓಡೋಕೆ ತಯಾರಾಗುತ್ತದೆ. ಎದೆ ಡವಡವ, ಕೈ ಬೆವರು. ಹೊಟ್ಟೆ ಮಾತ್ರ ಕೆಲಸ ನಿಲ್ಲಿಸಿ ಮುಷ್ಕರ ಹೂಡುತ್ತದೆ. "ಹೆದರಬೇಡ ಅಂತ ಎಷ್ಟು ಸಲ ಅಂದೆ ಗೊತ್ತಾ? ಅಂದಷ್ಟೂ ಜಾಸ್ತಿ ಆಗ್ತಿತ್ತು" ಅಂದರು ಸರೋಜಕ್ಕ.

ಆ ಹುಡುಗನನ್ನು ದಾರಿಗೆ ತಂದಿದ್ದು ನಮ್ಮ ಮೇಷ್ಟ್ರೇ. ಉಪದೇಶ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಸಿ, ಶೂ ಸಮೇತ, ಹತ್ತು ಗಂಟೆಗೆ ಹಳೇ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದರು. ಮೊದಲ ಹದಿನೈದು ನಿಮಿಷ ಓದುವುದಕ್ಕೆ ಮಾತ್ರ, ಪೆನ್ನು ಮುಟ್ಟುವ ಹಾಗಿಲ್ಲ, ನಿಜವಾದ ಪರೀಕ್ಷೆಯಲ್ಲಿ ಕೊಡುವ ಹಾಗೆಯೇ. ಆ ಹೊತ್ತಿನಲ್ಲಿ ಗೊತ್ತಿರುವ ಪ್ರಶ್ನೆಗೆ ಮನಸ್ಸಿನಲ್ಲೇ ಟಿಕ್ ಹಾಕಿಕೊಳ್ಳಬೇಕು. ಬರೆಯೋಕೆ ಶುರು ಮಾಡಿದಾಗ ಅದೇ ಮೊದಲು. ಮೊದಲ ಭಾನುವಾರ ವಾಂತಿ ಆಯಿತು. "ಆಯ್ತಾ? ಬಾಯಿ ತೊಳ್ಕೊಂಡು ಬಾ, ಎರಡನೇ ಪ್ರಶ್ನೆ" ಅಂದರಂತೆ ಮೇಷ್ಟ್ರು, ಬಸ್ಸಿನ ಕಂಡಕ್ಟರ್ ಮುಂದಿನ ಸ್ಟಾಪು ಕೂಗುವ ದನಿಯಲ್ಲಿ. ಕೆಲವು ಭಾನುವಾರ ಕಳೆಯುವಷ್ಟರಲ್ಲಿ ಹೊಟ್ಟೆಗೇ ಬೇಜಾರು ಬಂದು ಸುಮ್ಮನಾಯಿತು.

"ಓದಿದ್ದನ್ನೇ ಓದ್ತಾ ಕೂತ್ರೆ ಎಲ್ಲಾ ಗೊತ್ತಿದೆ ಅನ್ಸತ್ತೆ. ಪುಸ್ತಕ ಮುಚ್ಚಿ ಬರೆದಾಗಲೇ ಬಣ್ಣ ಬಯಲಾಗೋದು. ಅದು ಮನೇಲೇ ಬಯಲಾದ್ರೆ ಹಾಲ್‌ನಲ್ಲಿ ಕೈ ನಡುಗಲ್ಲ" ಅಂದರು ಮೇಷ್ಟ್ರು.

"ಒಂದೆಲಗದ ತಂಬುಳಿ ಕೊಡ್ತಿದೀನಿ, ದಿನಾ ಮೂರು ಹೊತ್ತು" ಅಂದರು ರಾಯರು, ತಾವೂ ಏನಾದರೂ ಸರಿ ಮಾಡಿರಬೇಕು ಅನ್ನುವ ಆಸೆಯಿಂದ.

"ಕೊಡಿ, ತಂಬುಳಿ ಚೆನ್ನಾಗಿರತ್ತೆ. ನೆನಪಿನ ಶಕ್ತಿಗೆ ಅಂತ ಮಾತ್ರ ಹೇಳ್ಬೇಡಿ. ಪಾಪ, ಅವಳು ತುತ್ತಿಗೊಂದು ಸೂತ್ರ ನೆನಪು ಮಾಡ್ಕೋತಾ ಉಣ್ಣಬೇಕಾಗತ್ತೆ."

ನೆಂಟರ ವಿಷಯ ಬಂದಾಗ ಮಾತ್ರ ಎಲ್ಲರ ಹೊಟ್ಟೆಯುರಿಯೂ ಒಂದೇ. ಬೆಂಗಳೂರಿನ ಸೋದರಮಾವ ದಿನಾ ಫೋನ್ ಮಾಡಿ, "ಏನಮ್ಮಾ, 625ಕ್ಕೆ 625ಆ?" ಅನ್ನುತ್ತಾನಂತೆ. ಪ್ರತಿ ವರ್ಷ ರಿಸಲ್ಟ್ ಬಂದ ಮಾರನೇ ದಿನ ಪೇಪರಿನಲ್ಲಿ ಮಗುವಿನ ಬಾಯಿಗೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಸಿಹಿ ತುರುಕುವ ಫೋಟೋ ಬರುತ್ತದಲ್ಲ, ಅದರ ಪರಿಣಾಮ. ಸರೋಜಕ್ಕ ಇದಕ್ಕೆ ಮದ್ದು ಕಂಡುಹಿಡಿದಿದ್ದರು. ಯಾರೇ ಕೇಳಿದರೂ, "ಏನಾದ್ರೂ ಹೆಚ್ಚುಕಡಿಮೆ ಆದ್ರೆ ಎರಡು ವರ್ಷ ನಿಮ್ಮನೇಲೇ ಇಟ್ಕೊಂಡು ಓದಿಸಿ ಅಣ್ಣಾ" ಅನ್ನುವುದು. ಆಮೇಲೆ ಆ ನಂಬರಿನಿಂದ ಫೋನ್ ಬಂದಿದ್ದು ಗೃಹಪ್ರವೇಶಕ್ಕೆ ಕರೆಯೋಕೆ ಮಾತ್ರ.

ನಗು ಮುಗಿದ ಮೇಲೆ ಮೇಷ್ಟ್ರು ಕೇಳಿದರು. "ರಾಯರೇ, ಊಟ ಮಾಡ್ತಾಳಾ? ಫ್ರೆಂಡ್ಸ್ ಹತ್ರ ಮಾತಾಡ್ತಾಳಾ? ಇದ್ದೇನು ಪ್ರಯೋಜನ, ಸತ್ತುಹೋದ್ರೆ ಸಾಕು ಅನ್ನೋ ಥರ ಏನಾದ್ರೂ ಅಂದಿದಾಳಾ?"

"ಇಲ್ಲ, ಅಷ್ಟಿಲ್ಲ. ನಿನ್ನೆ ಕೂಡ ಗೆಳತಿ ಜೊತೆ ಗಂಟೆಗಟ್ಟಲೆ ನಗ್ತಿದ್ಲು. ನಾನೇ ಗದರಿದೆ."

"ಗದರಬೇಡಿ. ಅಂಥ ಮಾತು ಯಾವಾಗಲಾದ್ರೂ ಬಂದ್ರೆ ಹುಡುಗಾಟ ಅಂತ ಬಿಡಬೇಡಿ. ಅವಳನ್ನ ಒಬ್ಬಳೇ ಬಿಡಬೇಡಿ, ಆವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಇದೆ, 14416. ಹಗಲೂ ರಾತ್ರಿ ಇರತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ."

ರಾಯರು ನಂಬರ್ ಬರೆದುಕೊಂಡರು. "ಪುಟ್ಟಿಗೆ ಕೊಡ್ತೀನಿ."

"ಕೊಡಿ. ಅಪ್ಪ ಅಮ್ಮಂದಿರೂ ಮಾಡಬಹುದು" ಅಂದರು ಮೇಷ್ಟ್ರು, ಚಾವಣಿ ನೋಡುತ್ತ.

ಅನ್ವರನಿಗೆ ಒಂದು ಸಂಶಯ. "ಇಷ್ಟೊಂದು ಹೆದರೋಕೆ ಈಗ ಏನಿದೆ ಮೇಷ್ಟ್ರೇ? ನಮ್ಮ ಕಾಲದಲ್ಲಿ ಮಾರ್ಚಿನಲ್ಲಿ ಹೋದ್ರೆ ಸೆಪ್ಟೆಂಬರಿಗೆ ಕಟ್ಟಬೇಕಿತ್ತು. ಒಂದು ವರ್ಷ ಗ್ಯಾರೇಜೇ ಗತಿ. ನಾನು ಹೋದವನು ವಾಪಸ್ ಬರಲೇ ಇಲ್ಲ."

ಅದೂ ಸರಿಯೇ. 2024ರಲ್ಲಿ ಪರೀಕ್ಷೆ 1, 2, 3 ಅಂತ ಒಂದೇ ವರ್ಷದಲ್ಲಿ ಮೂರು ಸಲ ಬರೆಯೋ ಅವಕಾಶ ತಂದರು. ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿ ಮರುಮೌಲ್ಯಮಾಪನಕ್ಕೂ ಹಾಕಬಹುದು. 2021ರಲ್ಲಂತೂ ಕೊರೋನಾ ಅಂತ ಆರೂ ಸಬ್ಜೆಕ್ಟನ್ನು ಎರಡೇ ದಿನದಲ್ಲಿ ಟಿಕ್ ಹಾಕಿಸಿ ಮುಗಿಸಿದರು, ಹೆಚ್ಚುಕಡಿಮೆ ಎಲ್ಲರೂ ಪಾಸು. ನಿಯಮ ಇಷ್ಟೆಲ್ಲ ಸಡಿಲ ಆದರೂ ಅಪ್ಪಂದಿರು ಮಾತ್ರ ಹಳೇ ಸಿಲಬಸ್ಸಿನಲ್ಲೇ ಇದ್ದಾರೆ.

ಕೊನೆಗೆ ಸರೋಜಕ್ಕ ಮುಖ್ಯವಾದ ಪ್ರಶ್ನೆ ಎತ್ತಿದರು. ಮಗು ಪರೀಕ್ಷೆ ಬರೆದು ಗೇಟಿನ ಹೊರಗೆ ಬಂದಾಗ ರಾಯರು ಏನು ಮಾಡುತ್ತಾರೆ? ಮುಗಿದ ಪೇಪರ್ ಬಿಡಿಸುತ್ತ ಕೂತರೆ ನಾಳೆಯದೂ ಹೋಗುತ್ತದೆ. ಹಾಗಾಗಿ ಅಲ್ಲೇ ಒಂದು ರಿಹರ್ಸಲ್ ಇಟ್ಟುಕೊಂಡೆವು. ಮೇಷ್ಟ್ರು ಪುಟ್ಟಿ. ವಾಶ್‌ಬೇಸಿನ್ ಹತ್ತಿರ ಪರೀಕ್ಷಾ ಕೇಂದ್ರ. ರಾಯರು ಕ್ಯಾಶ್ ಕೌಂಟರ್ ಪಕ್ಕ ಗೇಟಿನಲ್ಲಿ.

ಮೇಷ್ಟ್ರು ಬಳುಕುತ್ತ ಬಂದರು. ಬಿಲ್ಲು ಕೊಡುತ್ತಿದ್ದವರು ತಿರುಗಿ ನೋಡಿದರು.

"ಬಾ ಪುಟ್ಟಿ, ಊಟ ಮಾಡೋಣ" ಅಂದರು ರಾಯರು.

"ಭೇಷ್!" ಅಂದೆವು ನಾವು.

"ಊಟ ಮಾಡ್ತಾ ಹೇಳುವಂತೆ, ಥೇಲ್ಸ್ ಪ್ರಮೇಯ ಬಂದಿತ್ತಾ?"

"ಫೇಲ್!" ಎಂದು ಅನ್ವರ್ ಟೇಬಲ್ ಗುದ್ದಿದ.

ಎರಡನೇ ಸಲ ರಾಯರು ತುಟಿ ಬಿಗಿ ಹಿಡಿದು ನಿಂತರು. ಆದರೆ ಹುಬ್ಬು ಎರಡೂ ಹಣೆ ಹತ್ತಿ ಕೂತಿದ್ದವು. "ಬಾಯಿ ಮುಚ್ಚಿದ್ರೆ ಸಾಲದು, ಮುಖದ ತುಂಬಾ ಪ್ರಶ್ನೆಪತ್ರಿಕೆ ಇದೆ" ಅಂದರು ಸರೋಜಕ್ಕ. ಮೂರನೇ ಸಲ ಮುಖ ಸರಿ ಇತ್ತು, ಮಾತೂ ಸರಿ ಇತ್ತು. ಕೈ ಮಾತ್ರ ತಾನಾಗಿ ಮುಂದೆ ಬಂತು.

"ಕೈ ಯಾಕೆ ಚಾಚಿದ್ರಿ?"

"ಬ್ಯಾಗ್ ಇಸ್ಕೊಳ್ಳೋಣ ಅಂತ."

"ಸುಳ್ಳು. ಪ್ರಶ್ನೆಪತ್ರಿಕೆ ಇಸ್ಕೊಳ್ಳೋಕೆ."

ಇಷ್ಟು ಹೊತ್ತು ತಟ್ಟೆ ಹಿಡಿದು ನೋಡುತ್ತ ನಿಂತಿದ್ದ ಸಪ್ಲೈಯರ್ ಹುಡುಗ ತಡೆಯಲಾರದೆ ಅಂದ. "ಸಾರ್, ನಾನು ಬರೆದು ಬಂದಾಗ ನಮ್ಮಪ್ಪ ಪರೀಕ್ಷೆ ವಿಷಯ ಎತ್ತಲೇ ಇಲ್ಲ. ಹಸಿವಾಯ್ತೇನೋ ಅಂದ್ರು, ಅಷ್ಟೇ."

"ನೋಡಿ, ನೋಡಿ ಕಲೀರಿ!" ಅಂದರು ಮೇಷ್ಟ್ರು. "ಆಮೇಲೇನಾಯ್ತಪ್ಪಾ?"

"ಅದೊಂದೇ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ ಅನ್ಸಿ ಹೋಟೆಲಿಗೆ ಸೇರ್ಕೊಂಡೆ ಸಾರ್."

ರಾಯರ ಮುಖ ಬಿಳುಚಿತು. ಅಷ್ಟರಲ್ಲಿ ಅವರ ಫೋನ್ ಬಂತು, ಮನೆಯಿಂದ. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು.

"ಏನ್ರೀ, ಪುಟ್ಟಿ ಎಂಟು ಗಂಟೆಗೇ ಊಟ ಮಾಡಿ ಮಲಗಿದಾಳೆ. ಎಷ್ಟು ದಿನ ಆಗಿತ್ತು ಹೀಗೆ ನಿದ್ದೆ ಮಾಡಿ" ಅಂದರು ಅವರ ಹೆಂಡತಿ. ಹಿಂದೆ ಅಜ್ಜಿಯ ಸೀರಿಯಲ್ ಜೋರಾಗಿ ಕೇಳುತ್ತಿತ್ತು.

"ಈಗ್ಲೇ ಹೊರಟೆ" ಅಂದರು ರಾಯರು.

"ಅದಕ್ಕೇ ಫೋನ್ ಮಾಡಿದ್ದು. ಬರಬೇಡಿ. ಹೋಟೆಲ್ ಬಾಗಿಲು ಹಾಕೋವರೆಗೂ ಅಲ್ಲೇ ಇರಿ."

ರಾಯರು ಫೋನ್ ಜೇಬಿಗಿಟ್ಟು ಕೂತರು. ಅನ್ವರ್ ಸಪ್ಲೈಯರ್ ಹುಡುಗನನ್ನು ಕರೆದ. "ಇನ್ನೊಂದು ರೌಂಡ್ ಕಾಫಿ ತಗೊಂಡ್ಬಾ. ಒಂದಕ್ಕೆ ಸಕ್ಕರೆ ಬೇಡ."