ಮಾದರಿಯಲ್ಲಿ ಶಾಖ ಹೆಚ್ಚಿಸಿದರೂ ಚಂಡಮಾರುತದ ಕಣ್ಣು ಬೆಚ್ಚಗಾಗುತ್ತಿಲ್ಲ

ಪ್ರಶ್ನೆ (ಕೋಥ್ರೂಡ್, ಪುಣೆ)

ನಮಸ್ಕಾರ. 2020ರ ಜೂನ್ 3ರಂದು ಅಲಿಬಾಗ್ ಬಳಿ ದಡ ಸೇರಿದ ನಿಸರ್ಗ ಚಂಡಮಾರುತದ ಗಾಳಿ ಪುಣೆಯಲ್ಲೂ ಮರಗಳನ್ನು ಉರುಳಿಸಿತಲ್ಲ, ಅಂದಿನಿಂದ ಹಿಡಿದ ಹುಚ್ಚು ಇದು. ಮನೆಯ ಕಂಪ್ಯೂಟರಿನಲ್ಲಿ ಚಂಡಮಾರುತದ ಸರಳ ಮಾದರಿಯೊಂದನ್ನು ಓಡಿಸುತ್ತಿದ್ದೇನೆ. ಆರಂಭದ ಸುಳಿಯಲ್ಲಿ ಗರಿಷ್ಠ ಗಾಳಿ ಸೆಕೆಂಡಿಗೆ 35 ಮೀಟರ್, ಅದು ಕೇಂದ್ರದಿಂದ 30 ಕಿ.ಮೀ. ದೂರದಲ್ಲಿದೆ. ಮೋಡಗಳ ಗುಪ್ತೋಷ್ಣವನ್ನು (ನೀರಾವಿ ಹನಿಗಟ್ಟುವಾಗ ಹೊರಬೀಳುವ ಶಾಖ) 60 ಕಿ.ಮೀ. ದೂರದ ಉಂಗುರದಲ್ಲಿ ಕೊಟ್ಟಿದ್ದೇನೆ. ಶಾಖವನ್ನು ದುಪ್ಪಟ್ಟು ಮಾಡಿದರೂ ಹೊರಗಿನ ಗಾಳಿ ಹರಡಿಕೊಳ್ಳುತ್ತದೆಯೇ ಹೊರತು ಕಣ್ಣು, ಅಂದರೆ ಸುಳಿಯ ನಡುವಿನ ಶಾಂತ ಭಾಗ, ಬೆಚ್ಚಗಾಗುವುದಿಲ್ಲ. ಕೋಡಿನಲ್ಲಿ ದೋಷವಿದೆಯೇ?

ಉತ್ತರ (ಡೊಂಬಿವಲಿ, ಮುಂಬೈ ಬಳಿ)

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಕೋಡಿಗಿಂತ ಶಾಖ ಇಟ್ಟ ಜಾಗದ ಮೇಲೆಯೇ ನನ್ನ ಅನುಮಾನ. ಒಂದು ಕಿಲೋ ನೀರಾವಿ ಹನಿಗಟ್ಟುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬೀಳುವುದೇನೋ ನಿಜ. ಆದರೆ ಮೇಲೇರುವ ಗಾಳಿ ಹಿಗ್ಗಿ ತಣ್ಣಗಾಗುವುದನ್ನು ಸರಿದೂಗಿಸುವುದರಲ್ಲೇ ಅದರ ಬಹುಪಾಲು ಮುಗಿದುಹೋಗುತ್ತದೆ, ಮತ್ತು ಉಳಿದ ಅಲ್ಪಭಾಗವು ಸುಳಿಯೊಳಗೆ ನಿಲ್ಲುತ್ತದೆಯೋ ದೂರಕ್ಕೆ ಚದುರುತ್ತದೆಯೋ ಎಂಬುದನ್ನು ಆ ಜಾಗದ ಜಡತ್ವ ಸ್ಥಿರತೆ, ಅಂದರೆ ಸುತ್ತುವ ಗಾಳಿಯು ಒಳಕ್ಕೋ ಹೊರಕ್ಕೋ ಸರಿಯಲು ಒಡ್ಡುವ ಪ್ರತಿರೋಧ, ತೀರ್ಮಾನಿಸುತ್ತದೆ. ನಿಮ್ಮದೇ ಅಂಕಿಗಳನ್ನು ಹಾಕಿ ನೋಡಿ: 30 ಕಿ.ಮೀ. ಒಳಗಿನ ಗಾಳಿ ಬಂಡಿಯ ಚಕ್ರದಂತೆ ಇಡಿಯಾಗಿ ಸುತ್ತುತ್ತದೆಂದುಕೊಂಡರೆ, ಆ ಪ್ರತಿರೋಧದ ಆವರ್ತನವು ಪುಣೆಯ ಅಕ್ಷಾಂಶದ ಕೊರಿಯೊಲಿಸ್ ಮೌಲ್ಯದ (ಭೂಮಿಯ ಸುತ್ತುವಿಕೆಯ ಪ್ರಭಾವದ ಅಳತೆ) ಸುಮಾರು 50 ಪಟ್ಟಾಗುತ್ತದೆ. ಆ ಗಡಿ ದಾಟಿದೊಡನೆ ಅದು ಕುಸಿಯುತ್ತದೆ. 1982ರಲ್ಲಿ ಹವಾಮಾನ ವಿಜ್ಞಾನಿಗಳಾದ ಶುಬರ್ಟ್ ಮತ್ತು ಹ್ಯಾಕ್ ವಿವರಿಸಿದ್ದು ಇದನ್ನೇ.

ಆದ್ದರಿಂದ ಉಂಗುರವನ್ನು 25 ಕಿ.ಮೀ.ಗೆ ತಂದು, ಎತ್ತರ ಹೆಚ್ಚಿದಂತೆ ಹೊರಕ್ಕೆ ವಾಲಿಸಿ. ಕಣ್ಣಿನ ಗೋಡೆಯು, ಅಂದರೆ ಕಣ್ಣನ್ನು ಸುತ್ತುವರಿದ ಮೋಡಗಳ ಉಂಗುರವು, ನೆಟ್ಟಗಿನ ಕಂಬವಲ್ಲ. ಕಣ್ಣಿನೊಳಗೇ ಶಾಖ ಸುರಿಯುವ ಆಸೆ ಬೇಡ (ನಾನೂ ಒಮ್ಮೆ ಹಾಗೆ ಮಾಡಿ ಎರಡು ವಾರ ಕಳೆದುಕೊಂಡೆ). ಅಲ್ಲಿ ಮೋಡ ಕಟ್ಟುವುದಿಲ್ಲ. ಗೋಡೆಯ ಶಾಖದಿಂದ ಎದ್ದ ಪರಿಚಲನೆಯಲ್ಲಿ ಕೆಳಗಿಳಿಯುವ ಒಣಗಾಳಿ ಒತ್ತಡಕ್ಕೆ ಸಿಕ್ಕಿ ಬೆಚ್ಚಗಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. 25 ಕಿ.ಮೀ.ಗೆ ತಂದೊಡನೆ ಕಣ್ಣು ಬೆಚ್ಚಗಾಗಿ ಕೇಂದ್ರದ ಒತ್ತಡ ಇಳಿಯಿತು. ಆದರೆ ಕೆಲವು ಗಂಟೆಗಳ ನಂತರ ಬೆಳವಣಿಗೆ ಮತ್ತೆ ನಿಂತುಹೋಗುತ್ತಿದೆ.

ಉತ್ತರ

ಗರಿಷ್ಠ ಗಾಳಿಯ ವಲಯ ಈಗ ಎಷ್ಟು ದೂರದಲ್ಲಿದೆ ಎಂದು ಅಳೆದು ನೋಡಿ. ಬಲಗೊಳ್ಳುವ ಸುಳಿಯಲ್ಲಿ ಅದು ಕುಗ್ಗಿ ಒಳಸರಿಯುತ್ತದೆ. ನಿಮ್ಮ ಉಂಗುರ ಮಾತ್ರ ಇದ್ದಲ್ಲೇ ನಿಂತು ಮತ್ತೆ ಹೊರಗುಳಿದಿರುತ್ತದೆ. ಶಾಖದ ಜಾಗವನ್ನು ಕಿ.ಮೀ. ಲೆಕ್ಕದಲ್ಲಿ ಸ್ಥಿರವಾಗಿ ಬರೆಯದೆ, ಪ್ರತಿ ಕಾಲಹೆಜ್ಜೆಯಲ್ಲೂ ಗರಿಷ್ಠ ಗಾಳಿಯ ದೂರವನ್ನು ಹುಡುಕಿ ಅದರ ಒಳಮಗ್ಗುಲಿಗೆ ಜೋಡಿಸಿ.