ಅಮ್ಮನ ಹೆಬ್ಬೆಟ್ಟು ಒಪ್ಪದ ಯಂತ್ರ: ಎಐನ ಸರಿ-ತಪ್ಪು ನೋಡುವ ಕೆಲಸ ಮಾಡಿ ಬದುಕಬಹುದಾ?

ಪ್ರಶ್ನೆ (ದಾವಣಗೆರೆ, ಇ ಅಂಡ್ ಸಿ - ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ - ಕೊನೆ ವರ್ಷ)

ನಮ್ಮಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಬಿಸಿ ಮರಳು, ಹೊಗೆ, ಬೆಂಕಿ. ಬೆರಳ ತುದಿ ಸವೆದು ನುಣ್ಣಗಾಗಿದೆ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಮೂರು ಸಲ ಹೆಬ್ಬೆಟ್ಟು ಇಟ್ಟರೂ ಯಂತ್ರ ಒಪ್ಪಲಿಲ್ಲ. ಖಾಲಿ ಚೀಲ ಹಿಡಿದು ಬಂದು, "ನನ್ನ ಕೈಯೇ ಸರಿಯಿಲ್ಲ ಬಿಡು" ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ.

ನನಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ಆದರೆ ಇಂಥ ಯಂತ್ರ ಯಾರನ್ನು ಒಪ್ಪುತ್ತೆ, ಯಾರನ್ನು ವಾಪಸ್ ಕಳಿಸುತ್ತೆ ಅಂತ ನೋಡುವ ಕೆಲಸ ಮಾಡಬೇಕು ಅನ್ನಿಸುತ್ತೆ. ಎಐ ಯಾರಿಗೆ ಅನ್ಯಾಯ ಮಾಡುತ್ತೆ ಅಂತ ಹುಡುಕುವ ಸಂಶೋಧಕಿ ಟಿಮ್ನಿಟ್ ಗೆಬ್ರು ಬಗ್ಗೆ ಸ್ವಲ್ಪ ಓದಿದೆ. ಆ ದಾರಿ ನಮ್ಮಂಥವರಿಗೂ ಇದೆಯಾ? ಅಪ್ಪ "ಅದೂ ಒಂದು ಕೆಲಸನಾ" ಅಂತಾರೆ.

ಉತ್ತರ 1 (ಚಿತ್ರದುರ್ಗ)

ಇದೆ ತಮ್ಮಾ. ನಾನೂ ಇ ಅಂಡ್ ಸಿ ಓದಿದವಳು. ಈಗ ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್‌ಗೆ ಕೊಡುವ ಧ್ವನಿಗಳನ್ನು ಪರೀಕ್ಷೆ ಮಾಡುತ್ತೇನೆ. ಚಳ್ಳಕೆರೆ ಕಡೆಯ ರೈತರು "ಶೇಂಗಾ" ಅಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಕಲಿಸಿದ್ದೆಲ್ಲ ಬೆಂಗಳೂರಿನ "ಕಡಲೆಕಾಯಿ" ಧ್ವನಿಗಳು. ತಪ್ಪು ರೈತರದ್ದಲ್ಲ, ಅಲ್ವಾ?

ಗೆಬ್ರು ಹುಟ್ಟಿದ್ದು ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ. ಯುದ್ಧದಿಂದಾಗಿ ಹದಿಹರೆಯದಲ್ಲೇ ಊರು ಬಿಟ್ಟು ಅಮೆರಿಕ ಸೇರಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಆ್ಯಪಲ್‌ನಲ್ಲಿ ಆಡಿಯೋ ಸರ್ಕ್ಯೂಟ್ ಮಾಡುತ್ತಿದ್ದರು. 2018ರಲ್ಲಿ ಜಾಯ್ ಬೂಲಮ್ವಿನಿ ಅನ್ನುವ ಇನ್ನೊಬ್ಬ ಸಂಶೋಧಕಿ ಜೊತೆ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಆಫ್ರಿಕಾದ ಮೂರು, ಯುರೋಪಿನ ಮೂರು ದೇಶಗಳ ಸಂಸದರ 1,270 ಫೋಟೋ. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೆ! ನಿಮ್ಮಮ್ಮನಿಗೆ ಇದನ್ನು ಹೇಳು.

ನಿನಗೆ ಹತ್ತಿರವಾಗುವುದು ಅವರ ಇನ್ನೊಂದು ಕೆಲಸ. ಲ್ಯಾಬ್‌ನಲ್ಲಿ ಒಂದು ಆಪ್-ಆ್ಯಂಪ್ ಚಿಪ್ ತಗೊಂಡರೂ ಡೇಟಾಶೀಟ್ ಇರುತ್ತೆ. ಎಷ್ಟು ವೋಲ್ಟ್, ಎಷ್ಟು ಬಿಸಿಯವರೆಗೆ ಅಂತ. ಎಐಗೆ ಕಲಿಸುವ ಡೇಟಾಗೂ ಅಂಥ ಶೀಟ್ ಬೇಕು ಅಂದರು. ಯಾರಿಂದ ತಂದದ್ದು, ಯಾರು ಬಿಟ್ಟುಹೋಗಿದ್ದಾರೆ, ಎಲ್ಲಿ ಬಳಸಬಾರದು, ಎಲ್ಲ ಅದರಲ್ಲಿ ಇರಬೇಕು. ಬೆರಳಚ್ಚು ಯಂತ್ರಕ್ಕೆ ಅಂಥ ಶೀಟ್ ಇದ್ದು, ಅದರಲ್ಲಿ ಭಟ್ಟಿ ಕೆಲಸದವರ ಕೈ ಅಂತ ಒಂದು ಸಾಲು ಇದ್ದಿದ್ದರೆ?

ಅಪ್ಪನ ಭಯವೂ ಸುಮ್ನೆ ಅಲ್ಲ. ರಾಶಿ ರಾಶಿ ಬರಹದಿಂದ ಕಲಿತು ತಾನೇ ಬರೆಯುವ ಎಐ, ಅಂದರೆ ದೊಡ್ಡ ಭಾಷಾ ಮಾದರಿಗಳ ಅಪಾಯದ ಬಗ್ಗೆ ಬರೆದ ಪ್ರಬಂಧದ ಜಗಳದಲ್ಲಿ 2020ರ ಡಿಸೆಂಬರ್‌ನಲ್ಲಿ ಗೆಬ್ರು ಗೂಗಲ್‌ನಿಂದ ಹೊರಬಿದ್ದರು. ತೆಗೆದುಹಾಕಿದರು ಅಂತ ಅವರು, ರಾಜೀನಾಮೆ ಒಪ್ಪಿದೆವು ಅಂತ ಕಂಪನಿ. ಒಂದು ವರ್ಷಕ್ಕೆ ಡೇರ್ ಅನ್ನುವ ಸ್ವತಂತ್ರ ಎಐ ಸಂಶೋಧನಾ ಸಂಸ್ಥೆ ಕಟ್ಟಿದರು. ಮನೆಗೆ ಸಂಬಳ ಬೇಕು, ಹಾಗಾಗಿ ಸಿಕ್ಕ ಕೆಲಸ ಬಿಡಬೇಡ. ಜೊತೆಗೆ ಒಂದು ನೋಟ್‌ಬುಕ್ ಇಡು. ಕೇಳಿ, ಒಪ್ಪಿದವರದ್ದು ಮಾತ್ರ ಬರೆದುಕೋ. ಏನು ಕೆಲಸ, ಎಷ್ಟು ಸಲ ಬೆರಳಿಟ್ಟರು, ಅಕ್ಕಿ ಸಿಕ್ಕಿತಾ. ಬೆರಳಚ್ಚು, ಆಧಾರ್ ಸಂಖ್ಯೆ ಮುಟ್ಟಲೇಬೇಡ.

ಉತ್ತರ 2 (ಹರಿಹರ)

ಮೊದಲು ಅಕ್ಕಿಯ ದಾರಿ ನೋಡಿ. ಆಧಾರ್‌ನಲ್ಲಿ ಹತ್ತೂ ಬೆರಳಿನ ಗುರುತು ಇರುತ್ತೆ, ಬೇರೆ ಬೆರಳು ಇಟ್ಟು ನೋಡಿ. ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿ ಕೇಳಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬಹುದು. ನಮ್ಮಜ್ಜಿಗೆ ಅದರಿಂದಲೇ ಸರಿಹೋಯಿತು.

ಪ್ರಶ್ನೆ ಕೇಳಿದವರು

ಎಡಗೈ ಉಂಗುರ ಬೆರಳು ಒಪ್ಪಿತು! ಅಕ್ಕಿ ಬಂತು. ಆ ಶೇ. 34.7 ವಿಷಯ ಹೇಳಿದೆ. ಅಮ್ಮ ತುಂಬಾ ಹೊತ್ತು ತಮ್ಮ ಕೈ ನೋಡಿಕೊಂಡು ಕೂತಿದ್ದರು. ಆಮೇಲೆ ಅವರೇ ಭಟ್ಟಿಯ ನಾಲ್ಕು ಜನರನ್ನು ಮನೆಗೆ ಕರೆದುಕೊಂಡು ಬಂದರು. ನೋಟ್‌ಬುಕ್ ಶುರುವಾಗಿದೆ. ಅಕ್ಕಾ, ಹೆಸರು ಬರೆಯಬೇಕಾ?

ಉತ್ತರ 1 (ಚಿತ್ರದುರ್ಗ)

ಬೇಡ. ನಂಬರ್ ಹಾಕು. ಮೊದಲ ನಂಬರ್ ಅಮ್ಮನದ್ದೇ ಇರಲಿ.