ರಿಸೈಕಲ್ ಪ್ಲಾಸ್ಟಿಕ್ ಕೊರಿಯರ್ ಕವರ್ ಮಳೇಲಿ ಹರಿದು ಹೋಗ್ತಿದೆ, ಎಂತ ಮಾಡೂದು?

ಹಪ್ಪಳದಮನೆ_ಸಿರ್ಸಿ
ನಮಸ್ಕಾರ ಎಲ್ರಿಗೂ. ಸಿರ್ಸಿ ಹತ್ರ ಹಳ್ಳಿ ನಮ್ದು, ನಾನೂ ಅತ್ತಿಗೆನೂ ಸೇರಿ ಹಲಸಿನ ಹಪ್ಪಳ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಬೆಂಗಳೂರು, ಪುಣೆ ಕಡೆಗೆ ಪಾರ್ಸೆಲ್ ಕಳಿಸ್ತೀವಿ. ಗಿರಾಕಿಗಳು ಇಷ್ಟು ಪ್ಲಾಸ್ಟಿಕ್ ಎಂತಕ್ಕೆ ಅಂತ ಕೇಳೋಕೆ ಶುರು ಮಾಡಿದ್ರು, ಸರಿ ಅಂತ ಈ ಸಲ ರಿಸೈಕಲ್ ಪ್ಲಾಸ್ಟಿಕ್ ಕವರ್ 1000 ತರಿಸಿದ್ವಿ, 10x12 ಇಂಚಿಂದು, 60 ಮೈಕ್ರಾನ್ ದಪ್ಪ ಅಂತ ಹೇಳಿ ಕೊಟ್ಟಿದ್ದು. ಬೇಸಿಗೇಲಿ ಎಂತದೂ ತೊಂದ್ರೆ ಇರ್ಲಿಲ್ಲ. ಮಳೆ ಹಿಡಿದಿದ್ದೇ ಹಿಡಿದಿದ್ದು, ಮೂಲೆ ಮೂಲೆ ಹರಿದು ನೀರು ಒಳಗೆ ಹೋಗಿ ಹಪ್ಪಳ ಮುದ್ದೆ. ಮೂರು ಪಾರ್ಸೆಲ್ ವಾಪಸ್ ಬಂತು. ಹಪ್ಪಳನ ಪೇಪರಲ್ಲಿ ಸುತ್ತಿ ಸೀದಾ ಇದೇ ಕವರಿಗೆ ಹಾಕೂದು ನಾವು, ಮೂಸಿದ್ರೆ ಏನೋ ಸೋಪು ಸೀಮೆಎಣ್ಣೆ ಕೂಡಿದಂಗೆ ವಾಸನೆ ಬೇರೆ. ಮಾವ ಅಂತೂ "ಒಂದ್ಸಲ ಕರಗಿಸಿದ್ದಕ್ಕೆ ಜೀವ ಎಲ್ಲಿರ್ತದೆ" ಅಂತ ದಿನಾ ಒಂದೇ ರಾಗ. ರಿಸೈಕಲ್ ಅಂದ್ರೆ ಹಿಂಗೇನಾ?

ದಾಣಾ_ಮಷಿನ್
ಅಕ್ಕಾ, ಮೊದ್ಲು ವಾಸನೆ ವಿಷ್ಯ. ತಿನ್ನೋ ಸಾಮಾನು ಸೀದಾ ಆ ಕವರಿಗೆ ಹಾಕ್ಬೇಡಿ, ಇವತ್ತಿಂದ್ಲೇ ನಿಲ್ಸಿ. ಅದರಲ್ಲಿ ಮೊದ್ಲು ಶಾಂಪೂ ಇತ್ತೋ ಗೊಬ್ಬರ ಇತ್ತೋ ಯಾರಿಗೆ ಗೊತ್ತು. ಒಳಗೆ ಫುಡ್ ಗ್ರೇಡ್ ಹೊಸ ಪ್ಲಾಸ್ಟಿಕ್ ಪ್ಯಾಕೆಟ್, ಸೀಲ್ ಮಾಡಿದ್ದು, ಹೊರಗೆ ಮಾತ್ರ ರಿಸೈಕಲ್ ಕವರ್.

ನಾನು ಎಂಟು ವರ್ಷ ಫಿಲ್ಮ್, ಅಂದ್ರೆ ಕವರ್ ಮಾಡೋ ತೆಳು ಪ್ಲಾಸ್ಟಿಕ್ ಹಾಳೆ, ಊದೋ ಫ್ಯಾಕ್ಟರೀಲಿ ಇದ್ದೆ ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ರಿಸೈಕಲ್ ಅಂದ್ರೆ ಎರಡು ತರ. ಫ್ಯಾಕ್ಟರೀಲೇ ಅಂಚು ಕತ್ತರಿಸಿ ಉಳಿದ ಚೂರು ಕರಗಿಸಿದ್ದು ಒಂದು, ಅದು ಕ್ಲೀನ್ ಇರ್ತದೆ, ಹೆಚ್ಚುಕಮ್ಮಿ ಹೊಸದೇ. ಇನ್ನೊಂದು ಜನ ಬಳಸಿ ಬಿಸಾಕಿದ್ದನ್ನ ಆರಿಸಿ, ತೊಳೆದು, ಒಣಗಿಸಿ, ಕರಗಿಸಿ ದಾಣಾ, ಅಂದ್ರೆ ಪ್ಲಾಸ್ಟಿಕ್ ಕಾಳು, ಮಾಡಿದ್ದು. ಇದರಲ್ಲೇ ಕಷ್ಟ ಇರೋದು, ಯಾಕಂದ್ರೆ ಕವರ್ ಮೇಲೆ ಅಂಟಿಸಿದ ಪೇಪರ್ ಲೇಬಲ್, ಟೇಪಿನ ಗಮ್, ಪ್ರಿಂಟಿನ ಶಾಯಿ ಎಲ್ಲ ಕೂಡಿ ಬರ್ತದೆ, ಕರಗದೆ ಉಳಿದ ಒಂದು ಕಣ ಫಿಲ್ಮಲ್ಲಿ ಕೂತ್ರೆ ಅಲ್ಲೇ ಸೂಜಿ ಮೊನೆ ಅಷ್ಟು ತೂತು. ಸರಿಯಾಗಿ ಒಣಗಿಸದೆ ನೀರಿನಂಶ ಉಳಿದ್ರೂ ಫಿಲ್ಮಲ್ಲಿ ಗುಳ್ಳೆ ಬರ್ತದೆ. ಅದಕ್ಕೇ ಒಳ್ಳೆ ಫ್ಯಾಕ್ಟರಿಯವರು ಮೂರು ಪದರ ಊದ್ತಾರೆ, ಆಚೆ ಈಚೆ ತೆಳ್ಳಗೆ ಹೊಸ ಪ್ಲಾಸ್ಟಿಕ್, ನಡುವಲ್ಲಿ ರಿಸೈಕಲ್. ಹೋಳಿಗೆ ತರ ಅಂದ್ಕೊಳ್ಳಿ, ಹೂರಣ ಒರಟಿದ್ರೂ ಕಣಕ ಹಿಡ್ಕೊಳ್ತದೆ. ಒಂದೇ ಪದರದಲ್ಲಿ ಸಿಕ್ಕಾಪಟ್ಟೆ ರಿಸೈಕಲ್ ತುಂಬಿದ್ರೆ ಮಾವ ಹೇಳಿದ್ದೇ ಸರಿ ಆಗ್ತದೆ. ಒಂದು ಪಟ್ಟಿ ಕತ್ತರಿಸಿ ನಿಧಾನ ಎಳೆದು ನೋಡಿ, ಒಳ್ಳೆ ಫಿಲ್ಮ್ ಬೇಕಾದಷ್ಟು ಉದ್ದ ಆಗ್ತದೆ, ಕೆಟ್ಟದ್ದು ಪಟ್ ಅಂತ ಹರೀತದೆ.

ಕಡಲತಡಿ_ಕಾರವಾರ
ಅಷ್ಟೆಲ್ಲ ತಲೆನೋವು ಯಾಕೆ, ಜೋಳದ ಪಿಷ್ಟದಿಂದ ಮಾಡಿದ್ದು ಮಣ್ಣಲ್ಲಿ ಕರಗೋ ಕವರ್ ಬರ್ತದಲ್ಲ ಅದು ತಗೊಳ್ಳಿ. ಇನ್ನೊಂದು ಡೌಟು, ನಮ್ಮ ಬಂದರಲ್ಲಿ ಹರಿದ ಮೀನಿನ ಬಲೆ ರಾಶಿ ರಾಶಿ ಬಿದ್ದಿರ್ತದೆ, ಅದನ್ನೇ ಕರಗಿಸಿ ಇಂಥ ಕವರ್ ಮಾಡೋಕೆ ಬರಲ್ವಾ?

ದಾಣಾ_ಮಷಿನ್
ಬಲೆ ಬೇರೆ ಜಾತಿ ಮಾರಾಯ್ರೇ. ಈ ಕವರ್ ಪಾಲಿಥೀನ್, 110-120 ಡಿಗ್ರಿಗೆ ಕರಗ್ತದೆ, ನೈಲಾನ್ ಬಲೆಗೆ 220 ಹತ್ರ ಬೇಕು. ಎರಡೂ ಕೂಡಿಸಿದ್ರೆ ಎಣ್ಣೆ ನೀರು ಕಲಸಿದಂಗೆ, ಒಂದಕ್ಕೊಂದು ಹಿಡ್ಕೊಳ್ಳೋದೇ ಇಲ್ಲ. ನೈಲಾನ್ ಬಲೇನ ನೈಲಾನಾಗೇ ರಿಸೈಕಲ್ ಮಾಡ್ಬೇಕು, ಅದಕ್ಕೆ ಬೇರೆ ದಾರಿ ಇದೆ. ಜೋಳದ ಕವರೂ ತಿಪ್ಪೇಲಿ ಬಿಸಾಕಿದ ಕೂಡ್ಲೆ ಕರಗಲ್ಲ, ಹೆಚ್ಚಿನದಕ್ಕೆ 58 ಡಿಗ್ರಿ ಹತ್ರ ಕಾವಿರೋ ಕಾಂಪೋಸ್ಟ್ ಘಟಕ ಬೇಕು. ಗುಜರಿಯವ ಅದನ್ನ ಪಾಲಿಥೀನ್ ಜತೆ ಸೇರಿಸಿಬಿಟ್ರೆ ಇಡೀ ದಾಣಾ ಹಾಳು.

ಮತ್ತೆ ರಿಸೈಕಲ್ ಬೇಡ ಅಂದ್ರೂ ಇನ್ಮೇಲೆ ತಪ್ಪಲ್ಲ. ಕೇಂದ್ರದವರು 2022ರಲ್ಲಿ ತಂದ ನಿಯಮದ ಪ್ರಕಾರ ಕವರ್ ತರದ ಪ್ಯಾಕಿಂಗಲ್ಲಿ 2025-26ಕ್ಕೆ 10%, 2027-28ಕ್ಕೆ 20% ರಿಸೈಕಲ್ ಇರ್ಬೇಕು ಅಂತ ಇದೆ. ಕೆಟ್ಟದ್ದು ಒಳ್ಳೇದು ಗುರುತು ಹಿಡಿಯೋದು ಕಲಿಯೋದೇ ವಾಸಿ.

ಅಘನಾಶಿನಿ_ದಂಡೆ
ಕುಮಟೆಯಿಂದ ನಾನೂ ಕೋಕಂ, ಗೇರುಬೀಜ ಕಳಿಸ್ತೆ, ರಿಸೈಕಲ್ ಕವರಲ್ಲೇ, ಎರಡು ಮಳೆಗಾಲ ಆಯ್ತು ತೊಂದ್ರೆ ಇಲ್ಲ. ನಂಗೆ ಡೌಟು ಇರೋದು ನಿಮ್ಮ ಮೈಕ್ರಾನ್ ಮೇಲೆ. ತೂಕ ಮಾಡಿ ನೋಡಿ. ಪಾಲಿಥೀನ್ ಒಂದು ಘನ ಸೆಂಟಿಮೀಟರಿಗೆ 0.92 ಗ್ರಾಂ, ಆ ಲೆಕ್ಕದಲ್ಲಿ 10x12 ಕವರ್, ಮಡಚೋ ಫ್ಲಾಪ್ ಸೇರಿ, ನಿಜವಾಗ್ಲೂ 60 ಮೈಕ್ರಾನ್ ಇದ್ರೆ 100 ಕವರ್ 900 ಗ್ರಾಂ ಚಿಲ್ಲರೆ ಬರ್ಬೇಕು. ಮೆಣಸು ತೂಗೋ ತಕ್ಕಡಿ ಇದ್ದೇ ಇರ್ತದಲ್ಲ ಮನೇಲಿ. ಮತ್ತೆ ಹಪ್ಪಳದ ಹಿಟ್ಟು ಫ್ಲಾಪಿಗೆ ತಾಗಿದ್ರೆ ಗಮ್ ಹಿಡಿಯೂದೇ ಇಲ್ಲ, ಒರೆಸಿ ಅಂಟಿಸಿ, ನಮ್ಮಲ್ಲಿ ಮೊದ್ಲು ಅದೇ ಆಗ್ತಿತ್ತು.

ಹಪ್ಪಳದಮನೆ_ಸಿರ್ಸಿ
ಅಯ್ಯೋ ದೇವರೇ. ಈಗಷ್ಟೇ ತೂಗಿ ಬಂದೆ. 100 ಕವರಿಗೆ 470 ಗ್ರಾಂ!! ಕೊಟ್ಟವರಿಗೆ ಫೋನ್ ಮಾಡಿದ್ರೆ ಒಂಚೂರೂ ಮುಜುಗರ ಇಲ್ದೆ "ಮೇಡಂ ನಾವು ಎರಡೂ ಸೈಡ್ ಸೇರ್ಸಿ 60 ಹೇಳೋದು" ಅಂತಾರೆ. ಅಂದ್ರೆ ಒಂದು ಬದಿಗೆ 30. ಪಟ್ಟಿ ಎಳೆದೂ ನೋಡಿದೆ ದಾಣಾ ಅಣ್ಣ, ಚೆನ್ನಾಗೇ ಉದ್ದ ಆಯ್ತು, ರಿಸೈಕಲ್ಲಿಂದು ತಪ್ಪೇ ಅಲ್ಲ ಹಂಗಾರೆ. ಮಾವಂಗೆ ತಕ್ಕಡಿ ತೋರ್ಸಿದೆ, ಮಾತಾಡ್ಲಿಲ್ಲ, ಚಾ ಕುಡಿಯೋಕೆ ಹೋದ್ರು. ಇನ್ನೂ ಆರುನೂರು ಕವರ್ ಉಳಿದಿದೆ, ವಾಪಸ್ ತಗೊಳ್ಳಲ್ಲ ಅಂತಾರೆ, ಎಂತ ಮಾಡ್ಲಿ ಇದನ್ನ?

ಅಘನಾಶಿನಿ_ದಂಡೆ
ಮೆಣಸಿಗೆ ಒಂದರೊಳಗೊಂದು ಎರಡು ಹಾಕಿ ಕಳಿಸಿ, ಹಪ್ಪಳಕ್ಕೆ ಬೇಡ. ಉಳಿದಿದ್ದಕ್ಕೆ ಕೆಳಗೆ ನಾಲ್ಕು ತೂತು ಹೊಡೆದು ಮಣ್ಣು ತುಂಬಿ ಮೆಣಸಿನ ಬಳ್ಳಿ ನೆಡಿ, ಹೆಂಗೂ ಮಳೆ ಹಿಡಿದಿದೆ. ಬಳ್ಳಿಗೆ 30 ಮೈಕ್ರಾನ್ ಸಾಕು.